ತಿಳಿನೀರಿನಲ್ಲಿ ಹುಟ್ಟುವ ಶತ್ರು

ಸೊಳ್ಳೆ ಎಂದೊಡನೆ ನಮ್ಮ ಕಣ್ಣು ಹೋಗುವುದು ಬೀದಿಯ ಚರಂಡಿಯ ಕಡೆಗೆ. ಪುರಸಭೆಯವರನ್ನು ಬೈದು, ಸಂಜೆ ಕಿಟಕಿ ಮುಚ್ಚಿ, ಸೊಳ್ಳೆಬತ್ತಿ ಹಚ್ಚಿಟ್ಟರೆ ಕೆಲಸ ಮುಗೀತು ಅಂದುಕೊಳ್ಳುತ್ತೇವೆ. ಆದರೆ ಸೋದರಿಯರೇ, ಡೆಂಗ್ಯೂ ತರುವ ಈಡಿಸ್ ಸೊಳ್ಳೆಗೆ ಬೇಕಾದ್ದು ನಾವು ಜೋಪಾನವಾಗಿ ತುಂಬಿಟ್ಟ ತಿಳಿನೀರು! ಕಚ್ಚುವುದೂ ಹಗಲಿನಲ್ಲೇ, ಬೆಳಗಿನ ಹೊತ್ತು, ಮತ್ತೆ ಸಂಜೆ ದೀಪ ಹಚ್ಚುವ ಮುಂಚೆ. ಕಾಲಿನ ಮೇಲೆ ಬಿಳಿ ಪಟ್ಟೆಗಳಿರುವ ಕಪ್ಪು ಸೊಳ್ಳೆ ಕಂಡರೆ ಈ ಜಾತಿಯದೇ ಅಂತ ತಿಳಿಯಿರಿ.

2020ರ ಕೊರೊನಾ ಕಾಲವನ್ನು ನೆನಪು ಮಾಡಿಕೊಳ್ಳಿ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಹಗಲೆಲ್ಲ ಎಲ್ಲರೂ ಮನೆಯೊಳಗೆ. ಹಗಲು ಕಚ್ಚುವ ಸೊಳ್ಳೆಗೆ ಇನ್ನೇನು ಬೇಕು? ಬಂದವರು ಕೈಕಾಲು ತೊಳೆಯಲಿ ಅಂತ ಗೇಟಿನ ಪಕ್ಕ ಬಕೆಟ್ಟು ನೀರು ಬೇರೆ. ತೊಟ್ಟಿ ನೋಡಿಹೋಗುತ್ತಿದ್ದ ಆಶಾ ಕಾರ್ಯಕರ್ತೆಯರ ಹೆಗಲಿಗೆ ಕೊರೊನಾ ಕೆಲಸ ಬಿತ್ತು. ಜ್ವರ ಬಂದರಂತೂ, ಎಲ್ಲಿ ಕೊರೊನಾ ಅಂದುಬಿಡುತ್ತಾರೋ ಅಂತ ಎಷ್ಟೋ ಮನೆಗಳಲ್ಲಿ ಬಾಯಿಯೇ ಬಿಡಲಿಲ್ಲ.

ಕೊರೊನಾದ ಭಯ ಹೋಯಿತು, ಡೆಂಗ್ಯೂ ಹೋಗಲಿಲ್ಲ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡವನ್ನೂ ಗೊತ್ತುಮಾಡಿತು.

ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಊರಿನಲ್ಲಿ ಡ್ರಮ್ಮು, ಹಂಡೆ ತುಂಬಿಡದೆ ಗತಿಯಿಲ್ಲ. ನೀರು ಹಿಡಿದಿಡಬೇಡಿ ಅನ್ನುವವರು ಒಂದು ದಿನ ನಮ್ಮ ಅಡಿಗೆಮನೆಗೆ ಬಂದು ನೋಡಲಿ! ತುಂಬಿಡಿ, ಆದರೆ ಭದ್ರವಾಗಿ ಮುಚ್ಚಿ. ಮುಚ್ಚಳ ಸೀಳಿದ್ದರೆ ಹಳೇ ಪಂಚೆ ಬಿಗಿಯಾಗಿ ಕಟ್ಟಿ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿ. ಬರೀ ನೀರು ಚೆಲ್ಲಿದರೆ ಸಾಲದು. ಈ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮಟ್ಟದ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸಿ. ಒಣಗಿದರೂ ಅವು ತಿಂಗಳುಗಟ್ಟಲೆ ಸಾಯುವುದಿಲ್ಲ; ಮತ್ತೆ ನೀರು ಸೋಕಿತೋ, ಮರಿ ಹೊರಬಂತು. ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಬೇಕು, ವಾರದ ಲೆಕ್ಕ ಅದಕ್ಕೇ. ಶುಕ್ರವಾರ ಹೊಸ್ತಿಲು ತೊಳೆಯುವ ಪದ್ಧತಿ ಹೇಗೂ ಇದೆಯಲ್ಲ, ಅದರ ಜೊತೆಗೇ ಇಟ್ಟುಕೊಳ್ಳಿ. ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಅಡಿಯ ತಟ್ಟೆ, ಮನಿಪ್ಲಾಂಟಿನ ಬಾಟಲಿ, ಹಿತ್ತಲಲ್ಲಿ ಬಿದ್ದ ಎಳನೀರು ಬುರುಡೆ ಮರೆಯಬೇಡಿ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಮರಿ ತಿನ್ನುವ ಗಪ್ಪಿ ಮೀನು ಸಿಗುತ್ತದೆಯೇ ಅಂತ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಇಷ್ಟಾಗಿಯೂ ಜ್ವರ ಬಂದರೆ? ಕಣ್ಣಿನ ಹಿಂದೆ ನೋವು, ಮೈಕೈ ಮುರಿದಂತೆ ನೋವು ಇದ್ದರೆ ಬೇಗ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಬ್ರೂಫಿನ್ ಕೊಡಲೇಬೇಡಿ, ರಕ್ತಸ್ರಾವ ಹೆಚ್ಚೀತು. ಗಂಜಿ, ಎಳನೀರು, ಮಜ್ಜಿಗೆ ಧಾರಾಳವಾಗಿ ಕುಡಿಸಿ. ಪಪ್ಪಾಯಿ ಎಲೆಯ ರಸ ನಂಬಿಕೊಂಡು ಡಾಕ್ಟರ ಹತ್ತಿರ ಹೋಗುವುದನ್ನು ತಡಮಾಡಬೇಡಿ. ಜ್ವರ ಇಳಿಯಿತು ಅಂತ ಮಗುವನ್ನು ಶಾಲೆಗೆ ಅಟ್ಟುವುದೂ ಬೇಡ. ಈ ಕಾಯಿಲೆಯಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಗಂಡಾಂತರದ್ದು. ಆಗ ತಡೆಯಲಾರದ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.