ಆದೇಶವು ಹಿಡಿಯುವ ದಾರಿ

ಲಿನಕ್ಸ್ ಗಣಕದಲ್ಲಿ ಅನಕೊಂಡಾ ತಂತ್ರಾಂಶವನ್ನು ಸ್ಥಾಪಿಸಿದ ವಿದ್ಯಾರ್ಥಿಗೆ ಕೆಲವು ವೇಳೆ ಒಂದು ವಿಚಿತ್ರವು ಕಾಣುವುದುಂಟು. ಆದೇಶಸಾಲಿನ ಮೊದಲಲ್ಲಿ ‘ಬೇಸ್’ ಎಂಬ ಪದವು ಮೂಡುತ್ತದೆ. ನಿನ್ನೆ ನಡೆದ ಪೈಥಾನ್ ಪ್ರೋಗ್ರಾಮು ಇಂದು ನಡೆಯದು. ಹಳೆಯದು ಅಳಿದುಹೋಯಿತೇ? ಇಲ್ಲ, ದಾರಿ ಮಾತ್ರ ಬದಲಾಗಿದೆ.

ಯಳಂದೂರಿನಿಂದ ಹನೂರಿಗೆ ಹೊರಟವನಿಗೆ ಮೊದಲು ಕೊಳ್ಳೇಗಾಲ ಸಿಕ್ಕುತ್ತದೆ. ಬೇಕಾದ ವಸ್ತು ಅಲ್ಲಿಯೇ ದೊರೆತರೆ ಅವನು ಮುಂದೆ ಹೋಗುವನೇ? 1989ರಲ್ಲಿ ಬ್ರಯಾನ್ ಫಾಕ್ಸ್ ರಚಿಸಿದ ‘ಬ್ಯಾಶ್’ ಸಹ ಹಾಗೆಯೇ. ನಾವು ಆದೇಶ ಬರೆದಾಗ, ‘ಪಾತ್’ ಎಂಬ ಪಟ್ಟಿಯಲ್ಲಿರುವ ಕಡತಕೋಶಗಳನ್ನು ಅದು ಕ್ರಮವಾಗಿ ಹುಡುಕಿ, ಮೊದಲು ಸಿಕ್ಕಿದ ಪೈಥಾನನ್ನೇ ನಡೆಸುತ್ತದೆ. ಸ್ಥಾಪನೆಯ ವೇಳೆ ನಾವು ಒಪ್ಪಿಗೆಯಿತ್ತರೆ, ಅನಕೊಂಡಾ ‘ಬ್ಯಾಶ್‌ಆರ್‌ಸಿ’ ಕಡತದಲ್ಲಿ ಕೆಲವು ಸಾಲುಗಳನ್ನು ಬರೆದು, ತನ್ನ ಕೋಶವನ್ನು ಪಟ್ಟಿಯ ತಲೆಗೆ ಸೇರಿಸುತ್ತದೆ. ಹಳೆಯ ಪೈಥಾನಿಗೆ ಜೋಡಿಸಿದ್ದ ಲೈಬ್ರರಿಗಳು ಹೊಸದಕ್ಕೆ ಕಾಣವು.

ಆದುದರಿಂದ ಗಾಬರಿಯಿಂದ ಕಡತಗಳನ್ನು ಅಳಿಸಲಾಗದು. ‘ಟೈಪ್ -ಎ ಪೈಥಾನ್3’ ಎಂಬ ಆದೇಶವು ಎಲ್ಲ ಪೈಥಾನ್‌ಗಳ ಸ್ಥಾನಗಳನ್ನೂ ಅನುಕ್ರಮವಾಗಿ ತೋರಿಸುತ್ತದೆ. ‘ಕೊಂಡಾ ಡಿಆಕ್ಟಿವೇಟ್’ ಎಂದರೆ ಆ ಹೊತ್ತಿಗೆ ಹಳೆಯ ದಾರಿ ಮರಳುತ್ತದೆ. ‘ಕೊಂಡಾ ಇನಿಟ್ --ರಿವರ್ಸ್’ ಎಂದರೆ ಕಡತಕ್ಕೆ ಸೇರಿದ್ದ ಸಾಲುಗಳೇ ತೆಗೆಯಲ್ಪಡುತ್ತವೆ. ಬಳಿಕ ತೆರೆದ ಹೊಸ ಕಿಟಕಿಯಲ್ಲಿ ಹಿಂದಿನ ಕ್ರಮವನ್ನೇ ನಾವು ಕಾಣುವೆವು.