ಬೆಂಕಿಯ ನಾಲಿಗೆ, ಸಿಹಿ ದ್ರಾಕ್ಷಾರಸ



ಪಂಚಾಶತ್ತಮ ಹಬ್ಬದ ಮೊದಲ ವಾಚನವು ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥದ ಎರಡನೆಯ ಅಧ್ಯಾಯದ 11ನೆಯ ವಾಕ್ಯಕ್ಕೆ ನಿಂತುಬಿಡುತ್ತದೆ. ಮನೆಯಲ್ಲಿ ಇನ್ನೆರಡು ವಾಕ್ಯ ಮುಂದೆ ಓದಿ ನೋಡಿ. ಪ್ರೇಷಿತರು ಹಲವು ಭಾಷೆಗಳಲ್ಲಿ ಮಾತನಾಡುವುದನ್ನು ಕೇಳಿದ ಕೆಲವರು, ಇವರು ಕುಡಿದಿದ್ದಾರೆಂದು ಗೇಲಿ ಮಾಡುತ್ತಾರೆ. ಭಾಷೆಯ ವರದಾನ, ದ್ರಾಕ್ಷಾರಸ ಎರಡೂ ಇಲ್ಲಿ ಒಟ್ಟಿಗೇ ಬರುತ್ತವೆ. ಇಂದು ನಮ್ಮ ಮನೆಗಳಲ್ಲಿ ವಾಗ್ವಾದಕ್ಕೆ ಕಾರಣವಾಗಿರುವುದೂ ಇವೆರಡೇ.

ಗುಂಡ್ಲುಪೇಟೆ ಕಡೆಯ ತಾಯಿಯೊಬ್ಬರು ಬಲಿಪೂಜೆಯ ನಂತರ ಬಂದು ಹೇಳಿದರು: “ಸ್ವಾಮಿ, ನನ್ನ ಮಗ ಹೊರಗಿನ ಪ್ರಾರ್ಥನಾ ಕೂಟಕ್ಕೆ ಹೋಗ್ತಾನೆ. ಅನ್ಯಭಾಷೆ ಬಾರದವರಿಗೆ ಪವಿತ್ರಾತ್ಮರು ಬಂದೇ ಇಲ್ಲ ಅಂತಾನೆ. ಬೈಬಲ್ಲಿನಲ್ಲಿರೋದು ಬರೀ ಹಣ್ಣಿನ ರಸ, ನೀವ್ಯಾಕೆ ಪೂಜೇಲಿ ವೈನ್ ಇಡ್ತೀರಿ ಅಂತ ಕೇಳ್ತಾನೆ. ಅವರಪ್ಪನ ಕುಡಿತ ನೋಡಿ ನೋಡಿ ಬೆಳೆದವನು.”

ಮೊದಲು ಭಾಷೆಯ ಮಾತು. ಗ್ರೀಕಿನಲ್ಲಿ ‘ಗ್ಲೊಸ್ಸ’ ಎಂದರೆ ನಾಲಿಗೆಯೂ ಹೌದು, ಭಾಷೆಯೂ ಹೌದು. ಬೆಂಕಿಯ ನಾಲಿಗೆಗಳಿಗೂ ಪ್ರೇಷಿತರ ನುಡಿಗಳಿಗೂ ಅಲ್ಲಿ ಒಂದೇ ಪದ. ಜೆರುಸಲೇಮಿನಲ್ಲಿ ಸೇರಿದ್ದ ಪಾರ್ಥಿಯರು, ಮೇದ್ಯರು, ಈಜಿಪ್ಟಿನವರು, ರೋಮಿನವರು ತಂತಮ್ಮ ನುಡಿಯಲ್ಲೇ ದೇವರ ಮಹತ್ಕಾರ್ಯಗಳನ್ನು ಕೇಳಿ ಅರ್ಥಮಾಡಿಕೊಂಡರು. ಅಂದು ಸುಮಾರು 3,000 ಮಂದಿ ದೀಕ್ಷಾಸ್ನಾನ ಪಡೆದರು. ಕೊರಿಂಥದಲ್ಲಿ ಆದದ್ದು ಬೇರೆ. ಅಲ್ಲಿ ಆಡಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಸಂತ ಪೌಲರು ಆ ವರವನ್ನು ಅಲ್ಲಗಳೆಯಲಿಲ್ಲ. ತಮಗೂ ಅದು ಇದೆ ಎಂದರು. ಆದರೆ ಇಬ್ಬರು ಅಥವಾ ಮೂವರು, ಒಬ್ಬರಾದ ಮೇಲೆ ಒಬ್ಬರು ಮಾತನಾಡಬೇಕು, ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಮೌನವಾಗಿರಬೇಕು ಎಂದು ಕಟ್ಟುಮಾಡಿದರು. ಎಲ್ಲರೂ ಈ ವರ ಪಡೆದವರೇ ಎಂದು 12ನೆಯ ಅಧ್ಯಾಯದಲ್ಲಿ ಅವರು ಕೇಳುವ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ. 1967ರಲ್ಲಿ ಅಮೆರಿಕದಲ್ಲಿ ಆರಂಭವಾದ ಕಥೋಲಿಕ ಕ್ಯಾರಿಸ್ಮ್ಯಾಟಿಕ್ ನವೀಕರಣವನ್ನು ಧರ್ಮಸಭೆ ಸ್ವಾಗತಿಸಿದೆ. ಆದರೆ ನಾವು ಪವಿತ್ರಾತ್ಮರನ್ನು ಪಡೆಯುವುದು ದೀಕ್ಷಾಸ್ನಾನ ಮತ್ತು ದೃಢೀಕರಣದಲ್ಲಿ; ಅದಕ್ಕೆ ಅನ್ಯಭಾಷೆಯ ಪರೀಕ್ಷೆ ಇಲ್ಲ.

ಕನ್ನಡ, ತಮಿಳು, ಮಲಯಾಳ ಮೂರೂ ಕಿವಿಗೆ ಬೀಳುವ ಗಡಿನಾಡು ನಮ್ಮದು. ಹದಿನೇಳನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಅವರಿಗೆ ಕನ್ನಡ ಒಂದೇ ಬೆಳಗಿನಲ್ಲಿ ಬರಲಿಲ್ಲ, ಕೂತು ಕಲಿತರು. ಅದೂ ಪವಿತ್ರಾತ್ಮರ ಕೆಲಸವೇ ಎಂದು ನನ್ನ ನಂಬಿಕೆ.

ಇನ್ನು ದ್ರಾಕ್ಷಾರಸ. ಇಲ್ಲಿ ನಮ್ಮ ಕನ್ನಡ ಪದವೇ ಗೊಂದಲಕ್ಕೆ ಎಡೆಮಾಡಿದೆ, ಕೇಳಿದರೆ ಹಣ್ಣು ಹಿಂಡಿದ ರಸವೆಂದೇ ತೋರುತ್ತದೆ. ಗೇಲಿ ಮಾಡಿದವರು ಬಳಸಿದ ಪದ ‘ಗ್ಲೆಯುಕೋಸ್’, ಅಂದರೆ ಸಿಹಿಯಾದ ಹೊಸ ಮದ್ಯ. ಆ ನಾಡಿನಲ್ಲಿ ದ್ರಾಕ್ಷಿ ಕೊಯ್ಯುವುದು ಬೇಸಿಗೆಯ ಕೊನೆಗೆ. ಪಂಚಾಶತ್ತಮ ಬರುವುದು ಮೇ, ಜೂನ್ ತಿಂಗಳಲ್ಲಿ. ಹಿಂದಿನ ಸುಗ್ಗಿಯ ರಸ ಅಷ್ಟು ತಿಂಗಳು ಹುಳಿಯದೆ ಉಳಿಯುವುದುಂಟೆ? ಅಮಲೇರಿಸದ ಪಾನೀಯವಾಗಿದ್ದರೆ, ಇನ್ನೂ ಬೆಳಿಗ್ಗೆ ಒಂಬತ್ತು ಗಂಟೆ ಎಂದು ಪೇತ್ರರು ಸಮಜಾಯಿಷಿ ಕೊಡಬೇಕಾಗಿಯೂ ಇರಲಿಲ್ಲ. ಕೊರಿಂಥದಲ್ಲಂತೂ ಪ್ರಭುವಿನ ಭೋಜನದಲ್ಲೇ ಕೆಲವರು ಅಮಲೇರಿಸಿಕೊಂಡು ಪೌಲರಿಂದ ಬೈಸಿಕೊಂಡರು. ಹಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಳಸುವ ಹುಳಿಯದ ರಸ, 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯರು ಕಾಯಿಸಿ ಕಾಪಿಡುವ ವಿಧಾನ ಕಂಡುಕೊಂಡ ಮೇಲೆ ಬಳಕೆಗೆ ಬಂದದ್ದು.

ಆದ್ದರಿಂದಲೇ ಧರ್ಮಸಭೆಯ ಕಾನೂನಿನ 924ನೆಯ ವಿಧಿ, ಪೂಜೆಗೆ ದ್ರಾಕ್ಷಿಯಿಂದಾದ, ಕೆಡದ ಸಹಜ ಮದ್ಯವನ್ನೇ ಕೇಳುತ್ತದೆ. ಕುಡಿತದ ಕಾಯಿಲೆಯಿರುವ ಗುರುವಿಗೆ, ಹುಳಿಯುವುದನ್ನು ಆರಂಭದಲ್ಲೇ ತಡೆದ ‘ಮುಸ್ತುಂ’ ಎಂಬ ರಸ ಬಳಸಲು ಧರ್ಮಾಧ್ಯಕ್ಷರು ಅನುಮತಿ ಕೊಡಬಹುದೆಂದು 2003ರ ರೋಮಿನ ಪತ್ರ ಸ್ಪಷ್ಟಪಡಿಸಿತು. ದುರ್ಬಲನಾದ ಸಹೋದರ ಎಡವುವಂತಿದ್ದರೆ ಕುಡಿಯದಿರುವುದೇ ಲೇಸೆಂದು ರೋಮನರಿಗೆ ಬರೆದವರೂ ಪೌಲರೇ.

ಆ ತಾಯಿಗೆ ಹೇಳಿದೆ: “ಮಗನ ಜೊತೆ ವಾದ ಬೇಡಮ್ಮ. ಅವನ ಸಿಟ್ಟು ಪೂಜೆಯ ಪಾತ್ರೆಯ ಮೇಲಲ್ಲ, ಮನೆಯೊಳಗಿನ ಬಾಟಲಿಯ ಮೇಲೆ. ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 12ರಿಂದ 14ನೆಯ ಅಧ್ಯಾಯಗಳನ್ನು ಇಬ್ಬರೂ ಕೂತು ಓದಿ, ನಡುವಿನ 13ನ್ನು ಬಿಡಬೇಡಿ. ಅವರಪ್ಪನನ್ನು ಒಮ್ಮೆ ಕರೆತನ್ನಿ. ಕುಡಿತ ಬಿಟ್ಟವರ ಎ.ಎ. ಸಭೆಗೆ ನಾನೇ ಜೊತೆಗೆ ಬರುತ್ತೇನೆ.”