ಲೀಡರ್‌ಗಿರಿಯ ಲೆಕ್ಕ ಮತ್ತು ಹಿಮ್ಮಡಿಯ ಬೊಬ್ಬೆ

ನಮ್ಮ ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಗೊತ್ತಲ್ಲ... ಒಬ್ಬ ಕೋಡ್ ಬರೀತಾನೆ, ಉಳಿದ ಮೂವರು ರಿಪೋರ್ಟಿಗೆ ಬೈಂಡಿಂಗ್ ಮಾಡಿಸ್ತಾರೆ. ಕೋಡ್ ಬರೆದವನು ನಾನು. ಹಾಗಾಗಿ ನಾನೇ ಲೀಡರ್ ಅನ್ನೋ ಭ್ರಮೆಯನ್ನ ಚಟ್ನಿಪುಡಿ ಜೊತೆ ಸೂಟ್‌ಕೇಸಿಗೆ ತುಂಬ್ಕೊಂಡು ಎಂ.ಎಸ್. ಮಾಡೋಕೆ ಕೊಲರಾಡೋಗೆ ಬಂದೆ.

ಇಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅಂತಲೇ ಬೇಸಿಗೆಯಲ್ಲಿ 5 ದಿನದ ಬೆಟ್ಟದ ಶಿಬಿರ ಇತ್ತು. ಎಂಟು ಜನ, ದಿನಕ್ಕೊಬ್ಬ ಲೀಡರ್. ಜೊತೆಗೆ ಬಂದ ಮೇಷ್ಟ್ರುಗಳು ಪ್ರಾಣಾಪಾಯ ಇಲ್ಲದಿದ್ದರೆ ಬಾಯೇ ಬಿಡಲ್ಲ. ಪೌಲ್ ಪೆಟ್ಜೋಲ್ಟ್ 1965ರಲ್ಲಿ ವಯೋಮಿಂಗ್‌ನಲ್ಲಿ ಶುರು ಮಾಡಿದ ನ್ಯಾಷನಲ್ ಔಟ್‌ಡೋರ್ ಲೀಡರ್‌ಶಿಪ್ ಸ್ಕೂಲ್‌ನಲ್ಲೂ ಹೀಗೇ ಸರದಿ ಪದ್ಧತಿ. 1938ರಲ್ಲಿ ಕೆ2 ಏರಲು ಹೋದ ಅಮೆರಿಕನ್ ತಂಡದಲ್ಲಿ ಇದ್ದವನು ಆತ. ನಾಸಾದವರು ಗಗನಯಾತ್ರಿಗಳನ್ನೂ ಆ ಶಾಲೆಗೆ ಕಳಿಸಿದ್ದಾರೆ!

ಎರಡನೇ ದಿನ ನನ್ನ ಸರದಿ. ಪೆಟ್ಜೋಲ್ಟನದ್ದೇ ಒಂದು ಲೆಕ್ಕ ಇದೆ: 1000 ಅಡಿ ಏರಿದರೆ ಸಮತಟ್ಟು ಹಾದಿಯಲ್ಲಿ 2 ಮೈಲಿ ಹೆಚ್ಚಿಗೆ ನಡೆದಷ್ಟು ಶಕ್ತಿ ಬೇಕು ಅಂತ. ನಾವು ದಾಟಬೇಕಿದ್ದ ಪಾಸ್‌ಗೆ 4 ಮೈಲಿ, ಏರು 2000 ಅಡಿ. ಅಂದ್ರೆ 8 ಮೈಲಿ. ಆರಕ್ಕೆ ಹೊರಟರೆ ಹನ್ನೊಂದಕ್ಕೆ ದಾಟ್ತೀವಿ. ರಾಕೀಸ್‌ನಲ್ಲಿ ಬೇಸಿಗೆ ಮಧ್ಯಾಹ್ನ ಗುಡುಗು ಸಿಡಿಲು ಮಾಮೂಲು, ಅಷ್ಟರಲ್ಲಿ ಮರಗಳಿರೋ ಎತ್ತರಕ್ಕೆ ಇಳಿದಿರಬೇಕು. ಪಕ್ಕಾ ಪ್ಲಾನು.

ಮುಂದೆ ನಾನೇ ನಡೆದೆ. ಆಗಾಗ "ಓಕೇನಾ?" ಅಂತ ಕೂಗ್ತಿದ್ದೆ, "ಓಕೆ" ಅಂತ ಉತ್ತರ ಬರ್ತಿತ್ತು. ಒಂಬತ್ತೂವರೆಗೆ ತಿರುಗಿ ನೋಡಿದ್ರೆ ಹಿಂದೆ ಯಾರೂ ಇಲ್ಲ! ವಾಪಸ್ ಇಳಿದು ನೋಡ್ತೀನಿ, ಸೆಕೆಂಡ್ ಇಯರ್ ಮೆಕ್ಯಾನಿಕಲ್ ಹುಡುಗ ಬೂಟು ಕಳಚಿ ಬಂಡೆ ಮೇಲೆ ಕೂತಿದ್ದಾನೆ. ಎರಡೂ ಹಿಮ್ಮಡಿಯ ಬೊಬ್ಬೆ ಒಡೆದು ಸಾಕ್ಸೆಲ್ಲ ರಕ್ತ. ಪಟ್ಟಿ ಕಟ್ಟಿ, ಅವನ ಸಾಮಾನು ಹಂಚಿಕೊಳ್ಳೋ ಹೊತ್ತಿಗೆ ಹತ್ತೂವರೆ. ಪಶ್ಚಿಮದಲ್ಲಿ ಮೋಡ ಕಟ್ತಿತ್ತು. "ಬೇಗ ನಡೆದ್ರೆ ಈಗಲೂ ದಾಟಬಹುದು" ಅಂದೆ. ಯಾರೂ ಮಾತಾಡಲಿಲ್ಲ. ಕೊನೆಗೆ ಸಿವಿಲ್ ಓದ್ತಿದ್ದ ಹುಡುಗಿ "ಇವನ ಕೈಲಿ ಬೇಗ ನಡೆಯೋಕಾಗಲ್ಲ" ಅಂದ್ಲು. ಇಳಿದ್ವಿ. ಮಧ್ಯಾಹ್ನ ಒಂದರ ಸುಮಾರಿಗೆ ಅದೇ ಪಾಸಿನ ಮೇಲೆ ಸಿಡಿಲು ಹೊಡೆದದ್ದು ಟೆಂಟಿನಿಂದ ಕಂಡಿತು.

ಸಂಜೆ ಎಲ್ಲರೂ ಒಲೆ ಸುತ್ತ ಕೂತು ದಿನದ ಲೀಡರ್ ಬಗ್ಗೆ ಅವನೆದುರಲ್ಲೇ ಮಾತಾಡಬೇಕು. ನಮ್ಮ ವೈವಾ ಎಷ್ಟೋ ವಾಸಿ. ಆ ಹುಡುಗ ಹೇಳಿದ: "ಏಳು ಗಂಟೆಯಿಂದಲೇ ಉರೀತಿತ್ತು. ನೀನು ಓಕೇನಾ ಅಂತ ಕೇಳ್ತಿದ್ದೆ, ಆದ್ರೆ ನಿಲ್ತಿರಲಿಲ್ಲ."

ಮೊದಲು ಸಿಟ್ಟೇ ಬಂತು... ಬಾಯಿಬಿಟ್ಟು ಹೇಳೋಕೇನು ಧಾಡಿ ಇವನಿಗೆ! ಆದ್ರೆ ರಾತ್ರಿ ನಿದ್ದೆ ಹತ್ತಲಿಲ್ಲ, ಬೈಂಡಿಂಗ್ ಮಾಡಿಸಿದ ಆ ಮೂವರು ನೆನಪಾದ್ರು. ಕೋಡ್ ಮುಟ್ಟಬೇಡಿ ಅಂತ ನಾನೇನೂ ಹೇಳಿರಲಿಲ್ಲ. ನೀವೂ ಬರೀತೀರಾ ಅಂತ ನಿಂತು ಕೇಳಿಯೂ ಇರಲಿಲ್ಲ.

ಮಾರನೇ ದಿನ ಸಿವಿಲ್ ಹುಡುಗಿ ಲೀಡರ್. ಹೊರಟು ಇಪ್ಪತ್ತು ನಿಮಿಷಕ್ಕೇ ನಿಲ್ಲಿಸಿ ಎಲ್ಲರ ಬೂಟು ಬಿಚ್ಚಿಸಿದ್ಲು. ನೋಡಿದ್ರೆ ನನ್ನ ಎಡ ಹಿಮ್ಮಡಿಯೂ ಕೆಂಪಗಾಗಿತ್ತು, ನಾನೂ ಯಾರಿಗೂ ಹೇಳಿರಲಿಲ್ಲ ಅನ್ನಿ. ಹುಡುಗನನ್ನ ಎಲ್ಲರಿಗಿಂತ ಮುಂದೆ ಬಿಟ್ಟು, ಅವನ ಹೆಜ್ಜೆಗೆ ನಮ್ಮ ಹೆಜ್ಜೆ ಹೊಂದಿಸಿಕೊಂಡು ಹತ್ತೂಮುಕ್ಕಾಲಿಗೆ ಪಾಸ್ ದಾಟಿದ್ವಿ. ಅಮ್ಮ ಕಳಿಸಿದ್ದ ಕೋಡುಬಳೆ ಅಲ್ಲೇ ಹಂಚಿದೆ. ಖಾರಕ್ಕೆ ಎಲ್ಲರ ನೀರೂ ಖಾಲಿ!